ನೆಬೋ ಬೆಟ್ಟದ ನರ್ಸ್

ಶನಿವಾರ ಸಂಜೆ ಎಂದರೆ ಜೊನೆಟ್‌ಗೆ ಇವತ್ತಿಗೂ ಗಂಜಿಯ ವಾಸನೆ. ಕುಡಿಯುವ ಗಂಜಿಯಲ್ಲ, ಬಟ್ಟೆಗೆ ಹಾಕುವ ಗಂಜಿ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಯನ್ನು ಅಜ್ಜಿ ಅರ್ಜೀಲಿಯಾ ಎಂದೂ ಹೊಸಿಲು ದಾಟಿಸಿದವಳಲ್ಲ. ಮೆಕ್ಕೆಜೋಳದ ಹಿಟ್ಟನ್ನು ತಾನೇ ಕದಡಿ, ಕಾಯಿಸಿ, ಸೋಸಿ, ಬಿಳಿ ಉಡುಪನ್ನು ಅದರಲ್ಲಿ ಅದ್ದಿ ಹಿಂಡಿ, ಅರೆ ಒಣಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಹರಡಿ ಇಸ್ತ್ರಿ ತಿಕ್ಕುವಳು. ಹಬೆ ಎದ್ದು ಮನೆಯೆಲ್ಲ ರೊಟ್ಟಿ ಸುಟ್ಟ ಘಮ. ಹಿತ್ತಲ ಮೆಟ್ಟಿಲ ಮೇಲೆ ಕೂತು ಬೂಟುಗಳಿಗೆ ಬಿಳಿ ಪಾಲಿಶ್ ಬಳಿಯುವುದು ಪುಟ್ಟ ಜೊನೆಟ್‌ಳ ಪಾಲಿನ ಕೆಲಸ. ಬಳಿದದ್ದು ಬೂಟಿಗಿಂತ ಬೆರಳಿಗೇ ಹೆಚ್ಚು. ಸೋಮವಾರ ಸ್ಕೂಲಿಗೆ ಹೋದರೂ ಉಗುರಿನ ಸಂದಿಯಲ್ಲಿ ಬಿಳಿ ಉಳಿದಿರುತ್ತಿತ್ತು.

ವಾರವಿಡೀ ಅರ್ಜೀಲಿಯಾ ಮೇಕನ್ ಊರಿನ ಒಂದು ಲಾಂಡ್ರಿಯಲ್ಲಿ ಕಂಡವರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳು. ಭಾನುವಾರ ಮಾತ್ರ ನೆಬೋ ಬೆಟ್ಟದ ಚರ್ಚಿನ ನರ್ಸ್ ಸಂಘದ ಅಧ್ಯಕ್ಷೆ. ಬೆಟ್ಟವೆಂಬುದು ಹೆಸರಿಗಷ್ಟೇ. ಚರ್ಚು ಇರುವುದು ತಗ್ಗಿನಲ್ಲಿ, ಜೋರು ಮಳೆ ಬಂದರೆ ಮೆಟ್ಟಿಲವರೆಗೂ ನೀರು. ಆದರೆ ಅಜ್ಜಿ ಬಿಳಿ ಉಡುಪು, ಬಿಳಿ ಕಾಲುಚೀಲ, ಬಿಳಿ ಕೈಗವಸು ತೊಟ್ಟು, ತಲೆಯ ಮೇಲೆ ಪುಟ್ಟ ಟೋಪಿ ಸಿಕ್ಕಿಸಿ, ಎದೆಗೆ ಹಿತ್ತಾಳೆ ಬಿಲ್ಲೆ ಚುಚ್ಚಿಕೊಂಡು ಹೊರಟರೆ ನಿಜವಾಗಿ ಬೆಟ್ಟ ಹತ್ತಲು ಹೊರಟವಳ ಹಾಗೇ ಕಾಣುತ್ತಿದ್ದಳು.

ನಮ್ಮ ಕಪ್ಪು ಜನರ ಚರ್ಚುಗಳಲ್ಲಿ ಭಾನುವಾರದ ಪ್ರಾರ್ಥನೆ ಕೈಕಟ್ಟಿ ಕೂರುವ ಸಮಾಚಾರವಲ್ಲ. ಹಾಡು ಏರುತ್ತಾ ಏರುತ್ತಾ ಯಾರಿಗೋ ಮೈದುಂಬುತ್ತದೆ. ಆತ್ಮ ಇಳಿಯಿತು ಅನ್ನುತ್ತಾರೆ. ಬ್ಯಾಂಕಿನ ಗುಮಾಸ್ತೆಯಿರಲಿ, ಬಸ್ಸಿನ ಡ್ರೈವರಿರಲಿ, ಎದ್ದು ಕೂಗುವುದು, ಕುಣಿಯುವುದು, ಬಿಕ್ಕಿ ಬಿಕ್ಕಿ ಅಳುವುದು, ಒಮ್ಮೊಮ್ಮೆ ದಡಾರನೆ ಬಿದ್ದುಬಿಡುವುದು. ಆಗ ಬಿಳಿ ಉಡುಪಿನವರು ಹೋಗಿ ಸುತ್ತ ನಿಲ್ಲಬೇಕು. ಮೊದಲು ಮೈದುಂಬಿದವರ ಕನ್ನಡಕ ತೆಗೆಯಬೇಕು. ಆಮೇಲೆ ತೋಳು ಚಾಚಿ ಬೇಲಿ ಕಟ್ಟಬೇಕು. ಬಿದ್ದವರ ಕಾಲಿನ ಮೇಲೆ ಬಟ್ಟೆ ಹೊದಿಸಬೇಕು. ಶವಪೆಟ್ಟಿಗೆ ಅಂಗಡಿಯವರು ತಮ್ಮ ಹೆಸರು ಅಚ್ಚು ಹಾಕಿಸಿ ಪುಕ್ಕಟೆ ಹಂಚಿದ ಬೀಸಣಿಗೆಯಿಂದ ಗಾಳಿ ಹಾಕಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಕೆಲಸ.

"ತಡೀಬಾರ್ದು, ಬೀಳಕ್ಕೂ ಬಿಡಬಾರ್ದು," ಎಂದು ಅಜ್ಜಿ ಒಂಬತ್ತು ವರ್ಷದ ಜೊನೆಟ್‌ಗೆ ಪುಟ್ಟದೊಂದು ಬಿಳಿ ಉಡುಪು ಹೊಲಿದುಕೊಟ್ಟು ಕಲಿಸಿದ್ದಳು. "ಅವ್ರು ಎಲ್ಲಿಗೋ ಹೋಗಿರ್ತಾರೆ ಕಣೇ. ಎಳ್ಕೊಂಡ್ ಬರೋದು ನಮ್ಮ ಕೆಲ್ಸ ಅಲ್ಲ. ವಾಪಸ್ ಬಂದಾಗ ಪಕ್ಕದಲ್ಲಿ ಒಬ್ರು ಇರ್ಬೇಕು. ಅಷ್ಟೇ."

"ನಿಂಗ್ಯಾಕಜ್ಜಿ ಯಾವತ್ತೂ ಮೈದುಂಬಲ್ಲ?"

"ಡ್ಯೂಟೀಲಿರೋರು ಹೋಗಂಗಿಲ್ಲ. ಇಬ್ರೂ ಹೋದ್ರೆ ಕಾಯೋರ್ಯಾರು?"

ತಾಯಿ ಡೆಟ್ರಾಯಿಟ್‌ಗೆ ಕೆಲಸಕ್ಕೆ ಹೋದಾಗಿನಿಂದ ಜೊನೆಟ್ ಬೆಳೆದದ್ದು ಅಜ್ಜಿಯ ಮಡಿಲಲ್ಲೇ. ಆಗ ಸಂಘದಲ್ಲಿ ಹತ್ತು ಹದಿನೈದು ಹೆಂಗಸರು. ಬೆಳ್ಳಕ್ಕಿ ಸಾಲಿನ ಹಾಗೆ ಗೋಡೆಯುದ್ದಕ್ಕೂ ನಿಲ್ಲುತ್ತಿದ್ದರು. ಪ್ರಾರ್ಥನೆ ಮುಗಿದರೆ ಎಲ್ಲರ ಕೈಚೀಲದಿಂದಲೂ ಪೆಪ್ಪರ್‌ಮಿಂಟು ಬರುತ್ತಿತ್ತು. ಆಮೇಲೆ ಚರ್ಚಿನ ಹಿಂದಿನ ಅಡುಗೆಮನೆಯಲ್ಲಿ ಕರಿದ ಕೋಳಿ, ಹಂದಿಮಾಂಸ ಹಾಕಿ ಬೇಯಿಸಿದ ಸೊಪ್ಪು, ಪೀಚ್ ಹಣ್ಣಿನ ಸಿಹಿ. ಬಿಳಿ ಉಡುಪಿಗೆ ಕಲೆಯಾಗದ ಹಾಗೆ ಕುತ್ತಿಗೆಗೆ ಟವೆಲು ಕಟ್ಟಿಕೊಂಡು ಆ ಹೆಂಗಸರು ಉಣ್ಣುತ್ತಾ ನಗುತ್ತಿದ್ದ ಸದ್ದು ಈಗಲೂ ಜೊನೆಟ್‌ಳ ಕಿವಿಯಲ್ಲಿದೆ. ಅವರಲ್ಲಿ ಮುಕ್ಕಾಲು ಪಾಲು ಈಗ ಚರ್ಚಿನ ಪಕ್ಕದ ಮಣ್ಣಿನಲ್ಲಿ ಮಲಗಿದ್ದಾರೆ. ಅವರ ಬೀಸಣಿಗೆಯ ಮೇಲಿದ್ದ ಅಂಗಡಿಯವರೇ ಅವರನ್ನು ಒಯ್ದು ಮಲಗಿಸಿದರು.

ಒಮ್ಮೆ ಸ್ಕೂಲಿನಲ್ಲಿ ಟೀಚರು ಮನೆಯವರ ಕೆಲಸದ ಬಗ್ಗೆ ಕೇಳಿದಾಗ ಜೊನೆಟ್ ಎದ್ದು ನಿಂತು, "ನಮ್ಮಜ್ಜಿ ನರ್ಸು" ಅಂದಳು. ಯಾವ ಆಸ್ಪತ್ರೆ ಎಂದು ಟೀಚರು ಕೇಳಿದರು. "ನೆಬೋ ಬೆಟ್ಟ" ಅಂದಳು. ತರಗತಿಯಲ್ಲಿ ಅರ್ಧ ಮಕ್ಕಳು ಅದೇ ಚರ್ಚಿನವರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲಿ ಜೊನೆಟ್‌ಗೆ ಒಂದು ವಿಷಯ ತಿಳಿಯಿತು, ಅಥವಾ ತಿಳಿಯಿತು ಎಂದುಕೊಂಡಳು. ಅಜ್ಜಿ ನಿಜವಾದ ನರ್ಸಲ್ಲ, ನರ್ಸ್ ಆಗಬೇಕೆಂದಿದ್ದು ಆಗದೆ ಉಳಿದವಳು. ಅದನ್ನು ಅಜ್ಜಿಯ ಬಾಯಿಂದ ಕೇಳಿದ್ದಲ್ಲ. ಮಕ್ಕಳು ತಾವೇ ಲೆಕ್ಕ ಹಾಕಿ ಮನಸ್ಸಿನಲ್ಲಿಟ್ಟುಕೊಳ್ಳುವ ಸತ್ಯಗಳಿರುತ್ತವಲ್ಲ, ಅಂಥದ್ದು.

ಈಗ ಜೊನೆಟ್‌ಗೆ ಮೂವತ್ತಾರು. ಡಿಗ್ರಿ ಮುಗಿಸಿ ಹನ್ನೊಂದು ವರ್ಷ ವಿಮಾ ಕಂಪನಿಯಲ್ಲಿ ಫೋನಿನ ಮುಂದೆ ಕೂತವಳು. ಆಸ್ಪತ್ರೆಯ ಬಿಲ್ಲು ಹಿಡಿದುಕೊಂಡು ಗೋಳಾಡುವವರಿಗೆ, "ಕ್ಷಮಿಸಿ, ಇದು ನಿಮ್ಮ ಪಾಲಿಸಿಯಲ್ಲಿ ಬರೋದಿಲ್ಲ" ಎಂದು ಹೇಳುವ ಕೆಲಸ. ಒಂದು ದಿನ ಒಬ್ಬ ಮುದುಕ ಆ ಮಾತು ಕೇಳಿ ಬೈಯಲೂ ಇಲ್ಲ, ಅಳಲೂ ಇಲ್ಲ. "ಆಯ್ತಮ್ಮ. ಫೋನ್ ಮಾತ್ರ ಇಡ್ಬೇಡ. ಸ್ವಲ್ಪ ಹೊತ್ತು ಹಂಗೇ ಇರ್ತೀಯಾ? ಮನೇಲಿ ಯಾರೂ ಇಲ್ಲ" ಅಂದ. ಜೊನೆಟ್ ಇದ್ದಳು. ಇಬ್ಬರೂ ಮಾತಾಡಲಿಲ್ಲ. ಅವನ ಉಸಿರು ನಿಧಾನವಾಗಿ ಹದಕ್ಕೆ ಬರುವುದನ್ನು ಕೇಳುತ್ತಾ ಕೂತಿದ್ದಳು. ಆಮೇಲೆ ಮೇಲಿನವರು ಕರೆದು, ಒಂದು ಫೋನಿಗೆ ಇಷ್ಟು ಹೊತ್ತೇ ಎಂದು ದಬಾಯಿಸಿದರು. ಹನ್ನೊಂದು ವರ್ಷದಲ್ಲಿ ತಾನು ಮಾಡಿದ ಕೆಲಸವೆಂದರೆ ಅದೊಂದೇ ಎಂದು ಅವಳಿಗೆ ಅವತ್ತು ಅನ್ನಿಸಿತು. ಅದೇ ವಾರ ಸಂಜೆ ಕಾಲೇಜಿಗೆ ಸೇರಿ ಅಂಗರಚನೆ, ಸೂಕ್ಷ್ಮಜೀವಿ, ರಸಾಯನ ಎಲ್ಲ ಓದತೊಡಗಿದಳು. ಇವು ಮುಗಿದರೇ ನರ್ಸಿಂಗಿಗೆ ಅರ್ಜಿ. ಈಗಾಗಲೇ ಒಂದು ಡಿಗ್ರಿ ಇದ್ದವರಿಗೆ ನಾಲ್ಕು ವರ್ಷದ ಓದನ್ನು ಒಂದು, ಒಂದೂವರೆ ವರ್ಷದಲ್ಲಿ ಅರೆದು ಕುಡಿಸುವ ಕೋರ್ಸು ಅದು.

ಪರೀಕ್ಷೆಗೆ ಮೂಳೆಗಳ ಹೆಸರು ಕೇಳಿಸಿಕೊಳ್ಳುತ್ತಿದ್ದವಳು ಡೆಲೋರಿಸ್. ಸಂಘದ ಉಪಾಧ್ಯಕ್ಷೆ, ಅಜ್ಜಿಯ ಜೊತೆ ಈಗಲೂ ಬಿಳಿ ತೊಡುತ್ತಿದ್ದ ಒಬ್ಬಳೇ, ಪಕ್ಕದ ಬೀದಿಯವಳು, ಅಜ್ಜಿಗಿಂತ ಹತ್ತು ವರ್ಷ ಚಿಕ್ಕವಳು, ಮಂಡಿ ಹೋದವಳು, ಬಾಯಿ ಮಾತ್ರ ಗಟ್ಟಿ.

"ಅಯ್ಯೋ ದೇವ್ರೇ, ಮಣಿಕಟ್ಟಲ್ಲೇ ಇಷ್ಟೊಂದಾ? ಇವಕ್ಕೆಲ್ಲ ಹೆಸ್ರಿಟ್ಟೋರ್ಗೆ ಮನೇಲಿ ಬೇರೆ ಕೆಲ್ಸ ಇರ್ಲಿಲ್ವಾ?" ಅನ್ನುತ್ತಿದ್ದಳು.

ವಸಂತ ಬರುವ ಹೊತ್ತಿಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಅಟ್ಲಾಂಟಾದ ದೊಡ್ಡ ಯೂನಿವರ್ಸಿಟಿ. ಒಂದೇ ವರ್ಷದ ಕೋರ್ಸು, ಹೆಸರುವಾಸಿ ಆಸ್ಪತ್ರೆ, ಮುಗಿಸಿದವರನ್ನು ಕೈಹಿಡಿದು ಕರೆದುಕೊಳ್ಳುತ್ತಾರೆ ಎಂಬ ಮಾತು. ಇನ್ನೊಂದು ಮೇಕನ್‌ನದೇ ಸಣ್ಣ ಕಾಲೇಜು. ನಾಲ್ಕು ತಿಂಗಳು ಹೆಚ್ಚು, ಹಳೆಯ ಕಟ್ಟಡ, ಹೊರಗಿನವರು ಹೆಸರು ಕೇಳಿದರೆ "ಎಲ್ಲಿದೆ ಅದು?" ಅನ್ನುತ್ತಾರೆ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಜೊನೆಟ್‌ಳ ಮನಸ್ಸು ಅಟ್ಲಾಂಟಾಕ್ಕೇ ವಾಲಿತ್ತು. ಯಾರದು ತಾನೇ ವಾಲುವುದಿಲ್ಲ?

ಮೇಕನ್‌ನವರು ಏನನ್ನೂ ಬರೆಸಿರಲಿಲ್ಲ, ಮುಖಾಮುಖಿ ಮಾತಾಡಿಸಿದ್ದರು. ನರೆತ ಕೂದಲಿನ ಒಬ್ಬ ಮೇಡಂ, ಸ್ವತಃ ಹಳೇ ನರ್ಸು, ಒಂದೇ ಪ್ರಶ್ನೆ ಹಾಕಿದರು. "ರೋಗಿಗೆ ನಿಮ್ಮಿಂದ ಏನೂ ಮಾಡಕ್ಕಾಗಲ್ಲ ಅನ್ನೋ ಹೊತ್ತು ಬರುತ್ತೆ. ಆಗ ಏನ್ಮಾಡ್ತೀರಿ?" ಜೊನೆಟ್ ಯೋಚಿಸದೆ, "ಮೊದ್ಲು ಕನ್ನಡಕ ತೆಗೀತೀನಿ" ಎಂದುಬಿಟ್ಟಳು. ಹೇಳಿ ಆದಮೇಲೆ ನಾಚಿಕೆಯಾಯಿತು. ಸಾವರಿಸಿಕೊಂಡು, "ಅಂದ್ರೆ, ಪಕ್ಕದಲ್ಲಿ ಇರ್ತೀನಿ ಮೇಡಂ" ಅಂದಳು. ಫೋನಿನ ಮುದುಕನ ಕಥೆಯನ್ನೂ ಹೇಳಿದಳು. ಮೇಡಂ ಮುಂದಿನವರನ್ನು ಕರೆದರು. ಅಲ್ಲಿ ಸೀಟು ಸಿಗುವುದಿಲ್ಲ ಎಂದೇ ಇವಳು ಮನೆಗೆ ಬಂದಿದ್ದಳು.

ಅಟ್ಲಾಂಟಾದವರು ಮಾತ್ರ "ನೀವು ಯಾಕೆ ನರ್ಸ್ ಆಗಬೇಕು?" ಎಂದು ಎರಡು ಪುಟ ಬರೆಸಿದ್ದರು. ಮುದುಕನ ಕಥೆ ಬರೆದು ನೋಡಿದಳು. ಸಪ್ಪೆ ಅನ್ನಿಸಿತು, ಅಳಿಸಿದಳು. ಆಮೇಲೆ ಬರೆದದ್ದು ಅಜ್ಜಿಯನ್ನು. ಕಪ್ಪು ಹುಡುಗಿಯರಿಗೆ ಬಾಗಿಲು ಮುಚ್ಚಿದ್ದ ಕಾಲ. ನರ್ಸ್ ಆಗುವ ಕನಸನ್ನು ಲಾಂಡ್ರಿಯ ಹಬೆಯಲ್ಲಿ ಆವಿ ಮಾಡಿಕೊಂಡ ಹುಡುಗಿ. ಚರ್ಚಿನಲ್ಲಾದರೂ ಬಿಳಿ ಉಡುಪು ತೊಟ್ಟು ಆಸೆ ತೀರಿಸಿಕೊಂಡ ಮುದುಕಿ. ಬರೆಯುತ್ತಾ ಜೊನೆಟ್‌ಗೇ ಕಣ್ಣು ತುಂಬಿತ್ತು. ಅಜ್ಜಿಯ ಮೇಲಿನ ಪ್ರೀತಿ ನಿಜ, ಕಣ್ಣೀರೂ ನಿಜ. ಒಂದು ಮಾತು ಅಜ್ಜಿಯನ್ನು ಕೇಳಬೇಕು ಎನ್ನುವುದು ಮಾತ್ರ ಹೊಳೆಯಲಿಲ್ಲ.

ಅಟ್ಲಾಂಟಾದಿಂದ ಫೋನು ಬಂತು. ಬರಹ ಓದಿ ಎಲ್ಲರೂ ಅತ್ತರಂತೆ. ಸೀಟು ಸಿಕ್ಕವರನ್ನು ಸ್ವಾಗತಿಸುವ ಶನಿವಾರ ಅಜ್ಜಿಯನ್ನೂ ಕರೆದುಕೊಂಡು ಬರಬೇಕಂತೆ.

"ನನ್ನನ್ನ್ಯಾಕೆ ಕರೀತಾರೆ?" ಅಂದಳು ಅರ್ಜೀಲಿಯಾ.

"ನೀನೇ ನಂಗೆ ಸ್ಫೂರ್ತಿ ಅಂತ ಬರ್ದಿದೀನಜ್ಜಿ."

ಅಜ್ಜಿಗೆ ಒಳಗೊಳಗೇ ಹಿಗ್ಗು. ನರ್ಸುಗಳ ಸಭೆ ಎಂದಮೇಲೆ ಸಂಘದ ಮರ್ಯಾದೆ ಕಳೆಯುವುದುಂಟೇ? ಇತರ ಚರ್ಚುಗಳ ಸಂಘದವರು ಕರೆದಾಗ ಪೂರ್ತಿ ಬಿಳಿಯಲ್ಲೇ ಹೋಗುವುದು ಪದ್ಧತಿ. ಶುಕ್ರವಾರವೇ ಗಂಜಿ ಕಾಯಿಸಿದಳು. ಡೆಲೋರಿಸ್‌ಗೂ ಅಪ್ಪಣೆಯಾಯಿತು. ಶನಿವಾರ ಬೆಳಗ್ಗೆ ಜೊನೆಟ್ ನೋಡುತ್ತಾಳೆ, ಟೋಪಿಯಿಂದ ಬೂಟಿನವರೆಗೆ ಬಿಳಿಯಾದ ಇಬ್ಬರು ಮುದುಕಿಯರು ಕಾರಿನಲ್ಲಿ ಆಗಲೇ ಕೂತಿದ್ದಾರೆ.

"ಅಜ್ಜಿ, ಈಗ ನರ್ಸುಗಳೇ ಬಿಳಿ ಹಾಕಲ್ಲ."

"ಮತ್ತೇನ್ ಹಾಕ್ತಾರೆ?"

"ನೀಲಿ, ಹಸಿರು. ಸಡಿಲ ಪೈಜಾಮದ ಥರ."

"ಹಾಸ್ಗೆಯಿಂದ ಎದ್ದು ಹಂಗೇ ಬರ್ತಾರೇನೋ," ಅಂದಳು ಡೆಲೋರಿಸ್. "ಹೋಗ್ಲಿ ಬಿಡು, ನಮ್ಮನ್ನ ನೋಡಿ ಕಲೀಲಿ."

ಅಟ್ಲಾಂಟಾದ ಆ ಸಭಾಂಗಣದಲ್ಲಿ ಎಲ್ಲರೂ ಜೀನ್ಸಿನಲ್ಲಿದ್ದರು. ಒಬ್ಬ ಹುಡುಗಿ ಬಂದು, ನಾಟಕ ಎಷ್ಟು ಗಂಟೆಗೆ ಎಂದು ಡೆಲೋರಿಸ್‌ಳನ್ನು ಕೇಳಿದಳು. ಅಜ್ಜಿ ಇದಕ್ಕೆಲ್ಲ ಅಲುಗಾಡಲಿಲ್ಲ. ಬೆನ್ನು ನೇರ ಮಾಡಿ, ಕೈಗವಸಿನ ಕೈಗಳನ್ನು ಮಡಿಲಲ್ಲಿಟ್ಟು ಮುಂದಿನ ಸಾಲಿನಲ್ಲಿ ಕೂತಳು. ಮುಖ್ಯಸ್ಥೆ ವೇದಿಕೆ ಹತ್ತಿದರು. ಒಳ್ಳೆಯ ಹೆಂಗಸು, ಮನಸ್ಸಿನಲ್ಲಿ ಕಲ್ಮಷವಿಲ್ಲ. ಹಿಂದಿನ ಪರದೆಯ ಮೇಲೆ ಅಜ್ಜಿಯ ಹಳೆಯ ಫೋಟೋ ಮೂಡಿತು. ಅರ್ಜಿಯ ಜೊತೆ ಜೊನೆಟ್ ಕಳಿಸಿದ್ದೇ.

"ಈ ತಾಯಿಗೆ ನರ್ಸ್ ಆಗೋ ಅವಕಾಶವನ್ನ ನಮ್ಮ ಸಮಾಜ ಕೊಡಲಿಲ್ಲ," ಎಂದರು ಅವರು. "ಜೀವನವೆಲ್ಲ ಈ ಉಡುಪು ತೊಟ್ಟು, ಆಗದೇ ಹೋದದ್ದನ್ನ ನೆನೀತಾ ಬಂದ್ರು. ಇವತ್ತು ಮೊಮ್ಮಗಳು ಆ ಉಡುಪಿಗೆ ನಿಜವಾದ ಅರ್ಥ ಕೊಡ್ತಾ ಇದಾಳೆ."

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಅರ್ಜೀಲಿಯಾ ಎದ್ದು ನಿಂತು, ತಲೆಬಾಗಿಸಿ ಕೂತಳು. ಜೊನೆಟ್ ಪಕ್ಕದಿಂದ ನೋಡಿದಳು. ಅಜ್ಜಿ ಒಂದೊಂದೇ ಬೆರಳು ಬಿಡಿಸುತ್ತಾ ಕೈಗವಸು ಕಳಚಿ ಕೈಚೀಲಕ್ಕೆ ಹಾಕುತ್ತಿದ್ದಳು. ಸಭೆಯ ನಡುವೆ ಅಜ್ಜಿ ಕೈಗವಸು ಕಳಚಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ವಾಪಸ್ ಬರುವಾಗ ಹೆದ್ದಾರಿಯ ಪಕ್ಕದ ಗಾಡಿಯಲ್ಲಿ ಡೆಲೋರಿಸ್ ಬೇಯಿಸಿದ ಶೇಂಗಾ ಕೊಂಡಳು, ತಾನೇ ಸುಲಿದಳು, ತಾನೇ ತಿಂದಳು. ಅರ್ಧ ದಾರಿಗೆ ಬಂದಮೇಲೆ ಅಜ್ಜಿ ಕೇಳಿದಳು.

"ನಾನು ಆಸ್ಪತ್ರೆ ನರ್ಸ್ ಆಗ್ಬೇಕು ಅಂತಿದ್ದೆ ಅಂತ ನಿಂಗ್ಯಾರೇ ಹೇಳಿದ್ದು?"

"ಯಾರೂ ಹೇಳಿಲ್ಲ. ನಾನೇ... ಆಗಿನ್ ಕಾಲ ಹಂಗಿತ್ತಲ್ಲಜ್ಜಿ. ಬಿಡ್ತಿರ್ಲಿಲ್ಲ ಅಲ್ವಾ."

"ಬಿಳಿಯರ ಸ್ಕೂಲಲ್ಲಿ ಬಿಡ್ತಿರ್ಲಿಲ್ಲ. ನಮ್ಮೋರದೇ ಆಸ್ಪತ್ರೆ ಇತ್ತು, ನಮ್ಮೋರದೇ ಟ್ರೈನಿಂಗೂ ಇತ್ತು. ಅಲ್ಲಿನ್ ಡಾಕ್ಟ್ರು ಮನೆ ಬಾಗ್ಲಿಗೇ ಬಂದು ನಮ್ಮವ್ವನ್ನ ಕೇಳಿದ್ರು, ಹುಡ್ಗಿ ಚುರುಕಾಗಿದಾಳೆ ಕಳ್ಸು ಅಂತ. ಹೋದೆ. ಒಂದ್ ವಾರ ಇದ್ದೆ."

"ಮತ್ತೆ?"

"ಒಬ್ಳು ಹೆಣ್ಮಗಳು ಮಗು ಕಳ್ಕೊಂಡು ಗೋಡೆ ನೋಡ್ಕೊಂಡು ಮಲ್ಗಿದ್ಲು. ನಾನು ಪಕ್ಕದಲ್ಲಿ ಕೂತೆ. ಮೇಲಿನ್ ನರ್ಸು ಬಂದು, ಎದ್ದೇಳು, ಇನ್ನೂ ಇಪ್ಪತ್ ಹಾಸ್ಗೆ ಇದೆ ಅಂದ್ಲು. ಅವಳ್ದೇನೂ ತಪ್ಪಿಲ್ಲ. ಇಪ್ಪತ್ ಹಾಸ್ಗೆ ಇತ್ತು. ಆದ್ರೆ ನಂಗೆ ಏಳಕ್ಕಾಗ್ಲಿಲ್ಲ. ಇದು ನನ್ ಕೆಲ್ಸ ಅಲ್ಲ ಅಂತ ಗೊತ್ತಾಯ್ತು, ಮನೆಗ್ ಬಂದೆ. ಹೊಟ್ಟೆಗೆ ಲಾಂಡ್ರಿ ಇತ್ತು. ಭಾನ್ವಾರ ನಂದಾಗಿತ್ತು." ಅಜ್ಜಿಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತು ಜೊನೆಟ್‌ಗೆ. "ನಾನು ಯಾರ್ ಮನೆ ಬಾಗ್ಲಲ್ಲೂ ನಿಂತು ಅತ್ತಿಲ್ಲ ಕಣೇ. ಬೇಕಾದ್ದನ್ನ ಆರ್ಸ್ಕೊಂಡೆ. ಅದನ್ನ ನೀನು ಭಿಕ್ಷೆ ಮಾಡ್ಬಿಟ್ಟೆ."

"ಅಕ್ಕ, ಹುಡ್ಗಿಗೆ ಗೊತ್ತಿರ್ಲಿಲ್ಲ," ಅಂದಳು ಡೆಲೋರಿಸ್.

"ಕೇಳ್ಬೋದಿತ್ತಲ್ಲ. ಒಂದೇ ಅಡ್ಗೆಮನೇಲಿ ಉಣ್ತೀವಿ."

ಜೊನೆಟ್‌ಗೆ ಈ ಮಾತು ಬಿಸಿ ತುಪ್ಪವಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ರಾತ್ರಿ ಊಟ ಯಾರಿಗೂ ಸೇರಲಿಲ್ಲ. ಶನಿವಾರವಾದರೂ ಮನೆಯಲ್ಲಿ ಗಂಜಿಯ ವಾಸನೆ ಏಳಲಿಲ್ಲ. ಕಾರಿನಲ್ಲಿ ಕೂತು ಸುಕ್ಕಾದ ಬಿಳಿ ಉಡುಪು ಬಚ್ಚಲಿನ ಬುಟ್ಟಿಯಲ್ಲಿ ಮುದುಡಿಕೊಂಡು ಬಿದ್ದಿತ್ತು.

ಭಾನುವಾರ ಅರ್ಜೀಲಿಯಾ ನೇರಳೆ ಬಣ್ಣದ ಹೂವಿನ ಫ್ರಾಕು ತೊಟ್ಟು ಚರ್ಚಿಗೆ ಬಂದಳು. ಬಾಗಿಲಲ್ಲಿ ನಿಂತಿದ್ದವರ ಮಾತು ಅಲ್ಲಿಗೇ ನಿಂತಿತು. ಅರ್ಧಶತಮಾನದಿಂದ ಆ ಚರ್ಚಿನಲ್ಲಿ ಆಕೆಯನ್ನು ಬಿಳಿಯಲ್ಲದ ಬಣ್ಣದಲ್ಲಿ ಯಾರೂ ನೋಡಿರಲಿಲ್ಲ. ಆಕೆ ಗೋಡೆಯ ಪಕ್ಕ ನಿಲ್ಲದೆ ಐದನೇ ಸಾಲಿನ ಬೆಂಚಿನಲ್ಲಿ ಸಂಸಾರಸ್ಥರ ನಡುವೆ ಕೂತಳು.

ಬಿಳಿಯಲ್ಲಿದ್ದ ಡೆಲೋರಿಸ್ ಕುಂಟುತ್ತಾ ಬಂದು ಪಿಸುಗುಟ್ಟಿದಳು. "ಏನಕ್ಕ ಇದು? ನಾನೊಬ್ಳೇ ಏನ್ ಮಾಡ್ಲಿ?"

"ಅದು ಆಸೆ ತೀರದೋಳ ವೇಷ ಅಂತ ಮೈಕಲ್ಲಿ ಹೇಳಾಯ್ತಲ್ಲ. ವೇಷ ಹಾಕ್ಕೊಂಡು ದೇವರ ಮುಂದೆ ನಿಲ್ಲೋಳಲ್ಲ ನಾನು. ಹೋಗು, ನಿನ್ ಕೆಲ್ಸ ನೋಡ್ಕೋ."

ಹಿಂದಿನ ಸಾಲಿನಲ್ಲಿದ್ದ ಜೊನೆಟ್‌ಗೆ ಆ ಮಾತು ಕೇಳಿಸಿತು. ಅಟ್ಲಾಂಟಾ, ಮೇಕನ್, ಸೋಮವಾರದ ಗಡುವು, ಎಲ್ಲವೂ ಹಿಂದೆ ಸರಿದವು. ತಾನು ಬರೆದ ಎರಡು ಪುಟ ಅಜ್ಜಿಯ ಮೈಮೇಲಿನ ಬಟ್ಟೆಯನ್ನೇ ಕಳಚಿಸಿತ್ತು. ಎದ್ದು ನರ್ಸ್ ಸಂಘದ ಕೋಣೆಗೆ ಹೋದಳು. ಬಾಲ್ಯದಲ್ಲಿ ಹತ್ತು ಹದಿನೈದು ಟೋಪಿಗಳು ತೂಗುತ್ತಿದ್ದ ಮೊಳೆಗಳು ಈಗ ಬರಿದಾಗಿದ್ದವು. ಅಲ್ಲಿದ್ದ ಒಂದು ಬಿಳಿ ಏಪ್ರನ್ನು ಕಟ್ಟಿಕೊಂಡು, ಕೈಗವಸು ಹಾಕಿಕೊಂಡು, ಬೀಸಣಿಗೆ ಹಿಡಿದು ಬಂದು ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಡೆಲೋರಿಸ್ ಓರೆಗಣ್ಣಿನಲ್ಲಿ ನೋಡಿ, "ಏಪ್ರನ್ ತಿರುಗುಮುರುಗಾಗಿದೆ" ಅಂದಳು.

ಹಾಡು ಶುರುವಾಯಿತು. ಜೊನೆಟ್ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದ ಹಳೆಯ ಹಾಡು. ಡ್ರಮ್ಮು ಏರಿತು, ಆರ್ಗನ್ ಏರಿತು, ಚಪ್ಪಾಳೆ ಏರಿತು. ಐದನೇ ಸಾಲಿನಲ್ಲಿ ನೇರಳೆ ಫ್ರಾಕಿನ ಭುಜಗಳು ಒಮ್ಮೆ ನಡುಗಿದವು. ಅರ್ಜೀಲಿಯಾ ಎದ್ದಳು. ಒಂದು ಕೈ ಮೇಲೆತ್ತಿದಳು. ಆಮೇಲೆ ಆಕೆಯ ಗಂಟಲಿನಿಂದ ಬಂದ ಕೂಗು ಆ ಚರ್ಚು ಅದುವರೆಗೆ ಕೇಳದೇ ಇದ್ದ ಕೂಗು. ಅಳುವೋ ನಗುವೋ ಸಿಟ್ಟೋ ಸಂತೋಷವೋ, ಎಲ್ಲ ಸೇರಿಯೇ ಇರಬೇಕು. ಅಷ್ಟು ವರ್ಷ ಕಾವಲು ನಿಂತವಳು ಡ್ಯೂಟಿ ಇಲ್ಲದ ಮೊದಲ ಭಾನುವಾರ ಹೊರಟುಹೋದಳು.

ಜೊನೆಟ್ ಯೋಚಿಸಲಿಲ್ಲ. ಕಾಲು ತಾನೇ ಓಡಿತು. ಮೊದಲು ಕನ್ನಡಕ ತೆಗೆದಳು. ತೋಳು ಚಾಚಿದಳು. ಡೆಲೋರಿಸ್ ಆ ಕಡೆಯಿಂದ ತೋಳು ಚಾಚಿದಳು. ಇಬ್ಬರ ನಡುವೆ ಎಂಬತ್ತು ದಾಟಿದ ಮುದುಕಿ ಎಳೆ ಹುಡುಗಿಯ ಹಾಗೆ ಬೂಟು ನೆಲಕ್ಕೆ ಬಡಿಯುತ್ತಾ ಕುಣಿದಳು. ಬೀಳುತ್ತಾಳೆ ಎಂದು ಜೊನೆಟ್‌ಗೆ ಹಿಡಿದು ಕೂರಿಸಿಬಿಡೋಣ ಅನ್ನಿಸಿತು. ಹಿಡಿಯಲಿಲ್ಲ. ಸಭೆಯ ಅರ್ಧ ಜನ ಅಳುತ್ತಿದ್ದರು. ಆಕೆಗಾಗಿ, ತಮ್ಮ ತಮ್ಮ ಅಮ್ಮಂದಿರನ್ನು ಆಕೆ ಕಾದ ಆ ಎಲ್ಲ ಭಾನುವಾರಗಳಿಗಾಗಿ. ಕೊನೆಗೆ ಅಜ್ಜಿಯ ಮಂಡಿ ಸಡಿಲವಾಯಿತು. ಆಗ ಮಾತ್ರ ಜೊನೆಟ್ ಆ ಭಾರವನ್ನು ತನ್ನ ಎದೆಗೆ ತೆಗೆದುಕೊಂಡು ನಿಧಾನವಾಗಿ ನೆಲಕ್ಕಿಳಿಸಿದಳು. ಕಾಲಿನ ಮೇಲೆ ಬಟ್ಟೆ ಹೊದಿಸಿ, ತಲೆ ಮಡಿಲಲ್ಲಿಟ್ಟುಕೊಂಡು ಗಾಳಿ ಬೀಸುತ್ತಾ ಕೂತಳು. ಉಸಿರು ಹದಕ್ಕೆ ಬರುವುದನ್ನು ಕೇಳುತ್ತಾ ಕೂತಳು. ಫೋನಿನ ಆ ಮುದುಕ ನೆನಪಾದ. ಮೇಕನ್‌ನ ಮೇಡಂಗೆ ತಾನು ಕೊಟ್ಟ ಉತ್ತರ ನೆನಪಾಯಿತು. ತನಗೆ ಏನು ಬರುತ್ತದೆ, ಅದು ಎಲ್ಲಿಂದ ಬಂತು, ಯಾವ ಬಾಗಿಲಲ್ಲಿ ಅದನ್ನು ಹೇಳಿ ಒಳಗೆ ಹೋಗಬೇಕು ಎನ್ನುವುದು ಆ ನೆಲದ ಮೇಲೆ ಅವಳಿಗೆ ಸ್ಪಷ್ಟವಾಯಿತು.

ಅಜ್ಜಿ ಕಣ್ಣು ಬಿಟ್ಟಳು. ಸ್ವಲ್ಪ ಹೊತ್ತು ಚಾವಣಿ ನೋಡಿದಳು.

"ಕನ್ನಡಕ ಎಲ್ಲಿ?"

"ನನ್ ಹತ್ರ ಇದೆ ಅಜ್ಜಿ."

"ಹೂಂ." ಮತ್ತೆ ಕಣ್ಣು ಮುಚ್ಚಿ, "ಬೀಸಣಿಗೆ ಅಷ್ಟ್ ಜೋರಾಗ್ ಬೀಸ್ಬೇಡ. ನೆಗಡಿ ಬರ್ಸ್ತೀಯ" ಅಂದಳು.

"ತಪ್ಪಾಯ್ತಜ್ಜಿ." ಬೀಸಣಿಗೆಯ ಬಗ್ಗೆ ಹೇಳಿದ್ದಲ್ಲ ಅದು. ಅಜ್ಜಿಗೂ ಗೊತ್ತಿತ್ತು.

"ಏಪ್ರನ್ ತಿರುಗುಮುರುಗಾಗಿದೆ," ಅಂದಳು ಅಜ್ಜಿ.

ಸೋಮವಾರ ಬೆಳಗ್ಗೆ ಜೊನೆಟ್ ಅಡುಗೆಮನೆಯ ಕಿಟಕಿಯ ಬಳಿ ನಿಂತು ಅಟ್ಲಾಂಟಾಕ್ಕೆ ಫೋನು ಹಚ್ಚಿದಳು. ಸೀಟು ಬೇಡ, ಮೇಕನ್‌ನಲ್ಲೇ ಸೇರುತ್ತೇನೆ ಅಂದಳು. ಬರೆದದ್ದು ತಪ್ಪು, ಅಜ್ಜಿಯನ್ನು ಯಾರೂ ತಡೆದಿರಲಿಲ್ಲ, ತಾನೇ ಊಹಿಸಿಕೊಂಡು ಬರೆದೆ ಎಂದೂ ಹೇಳಿದಳು. ಆ ಕಡೆಯ ಮುಖ್ಯಸ್ಥೆಗೆ ನಿಜವಾಗಿಯೂ ಬೇಸರವಾಯಿತು. ಬರಹ ಹೇಗಿದ್ದರೇನು, ಅಂಕಗಳು ಚೆನ್ನಾಗಿವೆ, ಇನ್ನೊಮ್ಮೆ ಯೋಚಿಸಿ ಎಂದರು. ಜೊನೆಟ್ ಥ್ಯಾಂಕ್ಸ್ ಹೇಳಿದಳು, ಮನಸ್ಸು ಬದಲಿಸಲಿಲ್ಲ.

"ಅಲ್ಲಮ್ಮ, ನಿಮ್ಮಜ್ಜಿ ಕನಸು? ಅದರ ಗತಿ ಏನು?"

"ಅವ್ರ ಕನಸು ಅವ್ರ ಹತ್ರಾನೇ ಇದೆ ಮೇಡಂ. ಎಲ್ಲೂ ಹೋಗಿಲ್ಲ. ಗಂಜಿ ಹಾಕಿ ಕಪಾಟಲ್ಲಿ ನೇತುಹಾಕಿದಾರೆ."

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಅಜ್ಜಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಯಲ್ಲಿ ಬಚ್ಚಲಿನ ಬುಟ್ಟಿ, ಬುಟ್ಟಿಯಲ್ಲಿ ಸುಕ್ಕುಸುಕ್ಕಾದ ಬಿಳಿ ಉಡುಪು.

"ಎಲ್ಲಿ ನೇತುಹಾಕಿದೀನೇ, ಸುಳ್ಳಿ? ಇನ್ನೂ ಒಗ್ದೇ ಇಲ್ಲ," ಅಂದಳು. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಒಲೆಯ ಮೇಲೆ ಪಾತ್ರೆ ಇಟ್ಟು, ಮೆಕ್ಕೆಜೋಳದ ಹಿಟ್ಟಿನ ಡಬ್ಬಿಗೆ ಕೈಚಾಚಿದಳು. "ಆ ಕಾಲೇಜಲ್ಲಿ ಭಾನ್ವಾರ ರಜಾನಾ?"

"ರಜಾ ಅಜ್ಜಿ."

"ಹಂಗಾದ್ರೆ ನಿಂಗೊಂದು ಅಳತೆ ತಗೋಬೇಕು. ಒಂಬತ್ ವರ್ಷದೋಳಿದ್ದಾಗಿನ್ ಬಟ್ಟೆ ಈಗ ಹಿಡ್ಸಲ್ಲ." ಹಿಟ್ಟನ್ನು ನೀರಿಗೆ ಕದಡುತ್ತಾ, ತಿರುಗಿ ನೋಡದೆ, "ವಾರವೆಲ್ಲ ಇಪ್ಪತ್ ಹಾಸ್ಗೆ ನೋಡ್ಕೋ. ನಂಗಾಗ್ದಿದ್ದು ನಿಂಗಾಗ್ಬೋದು. ಭಾನ್ವಾರ ಒಬ್ರ ಪಕ್ಕ ಕೂತ್ರೆ ಸಾಕು" ಅಂದಳು.

ಜೊನೆಟ್ ಹಿತ್ತಲ ಮೆಟ್ಟಿಲಿಗೆ ಹೋಗಿ ಕೂತಳು. ಅಲ್ಲಿ ಎರಡು ದಿನದಿಂದ ಬಿದ್ದಿದ್ದ ಅಜ್ಜಿಯ ಬಿಳಿ ಬೂಟುಗಳನ್ನು ಮಡಿಲಿಗೆ ಎತ್ತಿಕೊಂಡು ಬಿಳಿ ಪಾಲಿಶಿನ ಬಾಟಲಿಯ ಮುಚ್ಚಳ ತಿರುಗಿಸಿದಳು. ಒಳಗೆ ಗಂಜಿ ಕುದಿಯತೊಡಗಿತ್ತು.